ಮಾರ್ಚ್‌ಗೆ ಕೌನ್ಸಿಲ್ ಅನುದಾನ ಮುಗಿಯುತ್ತದೆ. ನಮ್ಮ ಹಿರಿಯರ ಬುಧವಾರದ ಕೂಟಕ್ಕೆ ಹೊಸ ಅರ್ಜಿ ಹೇಗೆ ಬರೆಯಲಿ?

ಬುಧವಾರದ ಚಹಾ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಲ್ಲಿದ್ದೇನೆ. ಅರ್ಜಿ ಇನ್ನೂ ಹೋಗಬೇಕು, ಹಾಗಾಗಿ ಊರಿನ ಹೆಸರು ಬೇಡ.

ನಾಲ್ಕು ವರ್ಷದಿಂದ ಪ್ರತಿ ಬುಧವಾರ ಇಲ್ಲಿನ ಚರ್ಚ್ ಹಾಲ್‌ನಲ್ಲಿ ಹಿರಿಯರ ಕೂಟ ನಡೆಸುತ್ತಿದ್ದೇವೆ. 11 ಗಂಟೆಗೆ ಶುರು, 2ಕ್ಕೆ ಮುಗಿಯುತ್ತದೆ. 22ರಿಂದ 25 ಜನ ಬರುತ್ತಾರೆ. ಅರ್ಧ ಜನ ಕನ್ನಡದವರು, ಉಳಿದವರು ತಮಿಳು, ತೆಲುಗು, ಒಂದಿಬ್ಬರು ಕೊಂಕಣಿ. 60-70ರ ದಶಕದಲ್ಲಿ ಡಾಕ್ಟರಾಗಿ ಬಂದು ಇಲ್ಲೇ ಮುದುಕರಾದವರೂ ಇದ್ದಾರೆ, ಮಕ್ಕಳ ಜೊತೆ ಇರಲು ಆಮೇಲೆ ಬಂದ ಅಪ್ಪ ಅಮ್ಮಂದಿರೂ ಇದ್ದಾರೆ. ಬಂದ ಕೂಡಲೇ ಚಹಾ. ಆಮೇಲೆ ಅರ್ಧ ಗಂಟೆ ಕುರ್ಚಿ ಹಿಡಿದುಕೊಂಡು ಮಾಡುವ ವ್ಯಾಯಾಮ. ಆಮೇಲೆ ಊಟ. ಒಂದು ವಾರ ಬಿಸಿಬೇಳೆ ಬಾತ್, ಒಂದು ವಾರ ಚಿತ್ರಾನ್ನ, ಮೊಸರನ್ನ ಮಾತ್ರ ಖಾಯಂ. ಊಟ ಆದಮೇಲೆ ಚೌಕಾಬಾರ, ಹರಟೆ.

ಮೊದಲ ವರ್ಷ ನಮ್ಮದೇ ಚಂದಾ. ಆಮೇಲೆ ಮೂರು ವರ್ಷ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಅನುದಾನ ಬಂತು, ವರ್ಷಕ್ಕೆ 7,500 ಪೌಂಡ್. ಹಾಲ್ ಬಾಡಿಗೆ, ಮಿನಿಬಸ್, ವ್ಯಾಯಾಮ ಹೇಳಿಕೊಡುವವರ ಫೀಸು, ಇನ್ಶೂರೆನ್ಸ್ ಎಲ್ಲ ಅದರಲ್ಲೇ. ಅಡುಗೆ ನಾವೇ ಮನೆಯಿಂದ ಮಾಡಿ ತರುತ್ತೇವೆ.

ಇದು ಮಾರ್ಚ್‌ಗೆ ಮುಗಿಯುತ್ತದೆ. ಹಳೇ ಅನುದಾನ ನಿಲ್ಲಿಸಿ ಈಗ ಹೊಸದು ಮಾಡಿದ್ದಾರೆ. ಫಾರ್ಮ್‌ನ ಮುಖ್ಯ ಪ್ರಶ್ನೆ ಇದು: ‘ನಿಮ್ಮ ಕೆಲಸದಿಂದ ದೊಡ್ಡವರಿಗೆ ಸೋಷಿಯಲ್ ಕೇರ್ ಬೇಕಾಗುವುದು ಹೇಗೆ ತಪ್ಪುತ್ತದೆ, ಕಡಿಮೆಯಾಗುತ್ತದೆ ಅಥವಾ ಮುಂದಕ್ಕೆ ಹೋಗುತ್ತದೆ?’ ಸೋಷಿಯಲ್ ಕೇರ್ ಅಂದರೆ ವಯಸ್ಸು, ಕಾಯಿಲೆಯಿಂದ ಕೈಲಾಗದವರಿಗೆ ದಿನನಿತ್ಯದ ಕೆಲಸಕ್ಕೆ ಸಿಗುವ ಆರೈಕೆ. 400 ಪದಗಳಲ್ಲಿ ಬರೆಯಬೇಕು. ಎರಡು ವಾರದಿಂದ ಅದರ ಮುಂದೆ ಕೂತಿದ್ದೇನೆ. ಊಟ ಹಾಕುತ್ತೇವೆ, ಮಾತಾಡಿಸುತ್ತೇವೆ ಅನ್ನೋದನ್ನ ಸೋಷಿಯಲ್ ಕೇರ್ ಅಂತ ಹೇಗೆ ಬರೆಯಲಿ? ಇಂಥ ಅರ್ಜಿ ಹಾಕಿದವರು ಇದ್ದರೆ ದಯವಿಟ್ಟು ಹೇಳಿ.

ಮಲೆನಾಡಿನವ

ಬೇಸರ ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿದ್ದದ್ದು ಹೇಳುತ್ತೇನೆ. ನಮ್ಮ ಅಪ್ಪ ಅಮ್ಮನಿಗೆ ಒಂದು ಹೊತ್ತು ಊಟ ಹಾಕೋಕೆ ಕೌನ್ಸಿಲ್ ಮುಂದೆ ಯಾಕೆ ಕೈ ಒಡ್ಡಬೇಕು? ಗಣೇಶನ ಹಬ್ಬಕ್ಕೆ ಎಷ್ಟು ಚಂದಾ ಎತ್ತುತ್ತೇವೆ! 25 ಮನೆಯವರು ತಿಂಗಳಿಗೆ 25 ಪೌಂಡ್ ಹಾಕಿದರೆ ನಿಮ್ಮ ವರ್ಷದ ಖರ್ಚು ಹುಟ್ಟುತ್ತದೆ. ಯಾರ ಹಂಗೂ ಇಲ್ಲ, ಯಾವ ಫಾರ್ಮೂ ಇಲ್ಲ.

ಬುಧವಾರದ ಚಹಾ

ಬೇಸರ ಏನಿಲ್ಲ. ಮೊದಲ ವರ್ಷ ನಾವು ಮಾಡಿದ್ದೂ ಅದನ್ನೇ. ಏಪ್ರಿಲ್‌ನಲ್ಲಿ 18 ಮನೆಯವರು ಕೊಟ್ಟರು. ನವೆಂಬರ್ ಹೊತ್ತಿಗೆ ಕೊಡುತ್ತಿದ್ದವರು ಮೂರೇ ಮನೆ. ಹಬ್ಬಕ್ಕೆ ಕೊಡುವ ಕೈ ಮಿನಿಬಸ್ ಡ್ರೈವರ್ ಸಂಬಳಕ್ಕೆ ಅಷ್ಟು ಸಲೀಸಾಗಿ ಬರುವುದಿಲ್ಲ. ಇನ್ನೊಂದು ವಿಷಯ. ಚಂದಾ ಕೊಡಲು ಆಗದ ಮನೆಯವರು ಅಮ್ಮನನ್ನು ಕಳಿಸುವುದನ್ನೇ ನಿಲ್ಲಿಸಿದರು. ನಾವು ಕೇಳಿರಲಿಲ್ಲ, ಅವರಿಗೇ ಸಂಕೋಚ. ಯಾರಿಗೆ ಕೂಟ ಜಾಸ್ತಿ ಬೇಕಿತ್ತೋ ಅವರೇ ಮೊದಲು ಬಿಟ್ಟುಹೋದರು.

ಮಕ್ಕಳು ನೋಡಿಕೊಳ್ಳುತ್ತಿಲ್ಲ ಅಂತಲೂ ಅಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ 7:30ಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ 6ಕ್ಕೆ. ಅಷ್ಟು ಹೊತ್ತು ಮುಚ್ಚಿದ ಮನೆಯೊಳಗೆ ಅತ್ತೆ ಒಬ್ಬರೇ. ಹೊರಗೆ ಮಳೆ, ನಾಲ್ಕು ಗಂಟೆಗೇ ಕತ್ತಲು.

ಹಳೇ ಸೋಷಿಯಲ್ ವರ್ಕರ್

ಮಲೆನಾಡಿನವರೇ, ಕೈ ಒಡ್ಡುವ ಮಾತು ಬೇಡ. ನಾನು 26 ವರ್ಷ ಇಲ್ಲಿ ಈ ಕೆಲಸ ಮಾಡಿ ಹೋದ ವರ್ಷ ನಿವೃತ್ತಿ ಆದೆ. ನಿಮ್ಮ ಕೌನ್ಸಿಲ್ ಟ್ಯಾಕ್ಸ್ ಬಿಲ್ ತೆಗೆದು ನೋಡಿ, ಅಡಲ್ಟ್ ಸೋಷಿಯಲ್ ಕೇರ್ ಅಂತ ಬೇರೆಯಾಗಿ ಬರೆದಿರುತ್ತದೆ. 2016ರಿಂದ ಅದಕ್ಕಂತಲೇ ಹೆಚ್ಚುವರಿ ತೆರಿಗೆ ಹಾಕಲು ಕೌನ್ಸಿಲ್‌ಗಳಿಗೆ ಅವಕಾಶ ಇದೆ. ಅದು ನಾವೆಲ್ಲ ಕಟ್ಟಿದ ದುಡ್ಡು.

ಇನ್ನು ಕಾನೂನು. ಇಂಗ್ಲೆಂಡಿಗೆ 2014ರ ಕೇರ್ ಆಕ್ಟ್ ಇದೆ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 2ನೇ ಸೆಕ್ಷನ್ ಪ್ರಕಾರ, ಆರೈಕೆಯ ಅಗತ್ಯ ಬಾರದಂತೆ ತಡೆಯುವ, ಬಂದಿದ್ದರೆ ಕಡಿಮೆ ಮಾಡುವ, ಬರುವುದನ್ನು ಮುಂದಕ್ಕೆ ತಳ್ಳುವ ಸೇವೆಗಳನ್ನು ಕೌನ್ಸಿಲ್ ತಾನೇ ಕೊಡಬೇಕು, ಇಲ್ಲವೇ ಬೇರೆಯವರಿಂದ ಮಾಡಿಸಬೇಕು. ತನ್ನ ಊರಲ್ಲಿ ಈಗಾಗಲೇ ಏನೇನಿದೆ ಅಂತ ಗುರುತಿಸುವುದೂ ಮುಖ್ಯ ಅಂತ ಅದರಲ್ಲಿದೆ. ನಿಮ್ಮ ಬುಧವಾರದ ಕೂಟ ಅದೇ. ನಿಮ್ಮ ಫಾರ್ಮ್‌ನ ಪ್ರಶ್ನೆಯೂ ಈ ಸೆಕ್ಷನ್‌ನ ಮಾತೇ. ಉತ್ತರದ ಮೊದಲ ಸಾಲಿನಲ್ಲೇ ಅದನ್ನು ಹೇಳಿ.

ಆದರೆ ಇದರಲ್ಲಿ ಒಂದು ತೊಡಕಿದೆ. ಅದು ಗೊತ್ತಿದ್ದರೆ ನಿಮ್ಮ ಅನುದಾನ ಯಾಕೆ ನಿಂತಿತು ಅಂತ ಅರ್ಥವಾಗುತ್ತದೆ. ಅಸೆಸ್‌ಮೆಂಟ್ ಆಗಿ ‘ಇವರಿಗೆ ಆರೈಕೆ ಬೇಕು’ ಅಂತ ತೀರ್ಮಾನ ಆದ ವ್ಯಕ್ತಿಗೆ ಕೌನ್ಸಿಲ್ ಇಲ್ಲ ಅನ್ನುವ ಹಾಗಿಲ್ಲ, ಅದು ಆ ವ್ಯಕ್ತಿಯ ಹಕ್ಕು. ತಡೆಯುವ ಕೆಲಸಕ್ಕೆ ಹಾಗೆ ಒಬ್ಬೊಬ್ಬರ ಹಕ್ಕು ಅಂತ ಇಲ್ಲ. ಇಷ್ಟೇ ದುಡ್ಡು ಇಡಬೇಕು ಅಂತಲೂ ಕಾನೂನಿನಲ್ಲಿ ಇಲ್ಲ. ಬಜೆಟ್ ಬಿಗಿಯಾದಾಗ ಕತ್ತರಿ ಬೀಳುವುದು ಇಲ್ಲಿಗೇ. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್, ನವೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ‘ಲೆಕ್ಕ ಸರಿದೂಗುತ್ತಿಲ್ಲ’ ಅಂತ ಸೆಕ್ಷನ್ 114 ನೋಟಿಸ್ ಕೊಟ್ಟವು. ಬೇರೆ ಊರುಗಳಲ್ಲೂ ಇಂಥ ಖರ್ಚಿನ ಮೇಲೆ ಕಣ್ಣು ಬಿದ್ದಿದೆ. ಬಿದ್ದು ಸೊಂಟ ಮುರಿದುಕೊಂಡವರ ಖರ್ಚು ಲೆಕ್ಕಕ್ಕೆ ಸಿಗುತ್ತದೆ. ಬೀಳದೇ ಇದ್ದವರದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅದನ್ನು ಕಾಣಿಸುವ ಹಾಗೆ ಬರೆಯುವುದೇ ನಿಮ್ಮ ಅರ್ಜಿಯ ಕೆಲಸ.

ಕಾರ್ಡಿಫ್ ಕನ್ನಡಿಗ

ವೇಲ್ಸ್‌ನಲ್ಲಿ ಇರುವವರಿಗೆ ಒಂದು ಮಾತು. ಕೇರ್ ಆಕ್ಟ್ ಇಂಗ್ಲೆಂಡಿನದು. ನಮಗೆ 2014ರದ್ದೇ ಬೇರೆ ಸೋಷಿಯಲ್ ಸರ್ವಿಸಸ್ ಕಾಯ್ದೆ ಇದೆ, ತಡೆಯುವ ಹೊಣೆ ಅದರ 15ನೇ ಸೆಕ್ಷನ್‌ನಲ್ಲಿ ಬರುತ್ತದೆ. ಅರ್ಜಿಯಲ್ಲಿ ತಪ್ಪು ಕಾನೂನು ಬರೆಯಬೇಡಿ.

ಪ್ಯಾನೆಲ್‌ನಲ್ಲಿ ಕೂತವಳು

ನಾನು ಲಂಡನ್ನಿನ ಒಂದು ಬರೋ ಕೌನ್ಸಿಲ್‌ನಲ್ಲಿ ಎರಡು ವರ್ಷ ಸಣ್ಣ ಅನುದಾನದ ಪ್ಯಾನೆಲ್‌ನಲ್ಲಿದ್ದೆ. ಒಂದೇ ಸಂಜೆ 40 ಅರ್ಜಿ ಓದುತ್ತಿದ್ದೆವು. ನಮ್ಮವರ ಅರ್ಜಿಗಳು ಬಿದ್ದುಹೋಗುತ್ತಿದ್ದದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲ ಅರ್ಧ ಪುಟ ಭಾಷೆ, ಪರಂಪರೆ, ಹಬ್ಬ. ಅದು ನನಗೆ ಇಷ್ಟವೇ. ಆದರೆ ಈ ನಿಧಿ ಸಂಸ್ಕೃತಿ ಇಲಾಖೆಯದಲ್ಲ. ‘80 ದಾಟಿದವರು 9 ಜನ, ಒಂಟಿಯಾಗಿ ಇರುವವರು 6, ಹೋದ ವರ್ಷ ಬಿದ್ದವರು 5’ ಅಂತ ಒಂದು ಸಾಲು ಇದ್ದರೆ ಪ್ಯಾನೆಲ್‌ನವರು ಪೆನ್ನು ಕೆಳಗಿಟ್ಟು ಓದುತ್ತಾರೆ. 65 ದಾಟಿದವರಲ್ಲಿ ನೂರಕ್ಕೆ 30 ಜನ, 80 ದಾಟಿದವರಲ್ಲಿ 50 ಜನ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ ಅಂತ ಇಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯ ಲೆಕ್ಕವೇ ಇದೆ. ಅದರ ಪಕ್ಕದಲ್ಲಿ ನಿಮ್ಮ ಕೂಟದ ಲೆಕ್ಕ ಇಡಿ. ಭಾಷೆಯನ್ನೂ ಬಿಡಬೇಡಿ, ಆದರೆ ಕೆಲಸಕ್ಕೆ ಬರುವ ಜಾಗದಲ್ಲಿ ಹೇಳಿ. ಇಂಗ್ಲಿಷ್ ಬಾರದ ಅಜ್ಜಿಗೆ ಬೀದಿಯ ಕೊನೆಯ ಲಂಚ್ ಕ್ಲಬ್ ಇದ್ದೂ ಇಲ್ಲದ ಹಾಗೆ. ಡಿಮೆನ್ಷಿಯಾ ಬಂದ ಎಷ್ಟೋ ಜನಕ್ಕೆ ಆಮೇಲೆ ಕಲಿತ ಇಂಗ್ಲಿಷ್ ಮೊದಲು ಜಾರಿ, ಮನೆಮಾತು ಉಳಿಯುತ್ತದೆ. ಇದು ಅವರಿಗೆ ಗೊತ್ತಾಗಬೇಕಾದ ವಿಷಯ.

ಎರಡನೆಯದು ಕಾಗದಪತ್ರ. ಬ್ಯಾಂಕ್ ಖಾತೆಗೆ ಸಹಿ ಮಾಡುವ ಇಬ್ಬರೂ ಗಂಡ ಹೆಂಡತಿ ಆಗಿದ್ದರೆ ಅಲ್ಲೇ ಪಕ್ಕಕ್ಕೆ ಇಡುತ್ತಿದ್ದೆವು. ಸಂಘದ ನಿಯಮಾವಳಿ, ಸೇಫ್‌ಗಾರ್ಡಿಂಗ್ ಪಾಲಿಸಿ, ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಬೇಕೇ ಬೇಕು. ಡಿಬಿಎಸ್ (ಅಪರಾಧದ ಹಿನ್ನೆಲೆ ಇದೆಯಾ ಅಂತ ನೋಡುವ ಸರ್ಕಾರಿ ತಪಾಸಣೆ) ಬೇಕಾದ ಕಡೆ, ಸ್ವಯಂಸೇವಕರಿಗೆ ಅದರ ಸರ್ಕಾರಿ ಶುಲ್ಕ ಇಲ್ಲ. ಎಷ್ಟೋ ಜನ ದುಡ್ಡಾಗುತ್ತದೆ ಅಂತ ಸುಮ್ನೆ ಮುಂದೂಡುತ್ತಾರೆ.

ಮೂರನೆಯದು ಸಂಕೋಚ. ನೀವೆಲ್ಲ ಮಾಡಿದ ಅಡುಗೆ, ಕಾರಿನಲ್ಲಿ ಕರೆತಂದದ್ದು, ಇವೆಲ್ಲ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ಬರೆಯಿರಿ. ‘ಸೇವೆಯನ್ನು ಲೆಕ್ಕ ಹಾಕಬಾರದು’ ಅಂತ ನಮ್ಮವರು ಬಿಟ್ಟುಬಿಡುತ್ತಾರೆ. ಪ್ಯಾನೆಲ್ ಅದನ್ನು ನಿಮ್ಮ ಪಾಲಿನ ಬಂಡವಾಳ ಅಂತಲೇ ನೋಡುತ್ತದೆ. ಜೊತೆಗೆ ಹಾಲ್ ಬಾಡಿಗೆ, ಡ್ರೈವರ್ ಸಂಬಳ ಕೇಳಲು ಹೆದರಬೇಡಿ. ಹೊಸ ಯೋಜನೆ ಬೇಕು ಅಂತ ಇಲ್ಲದ್ದು ಹುಟ್ಟಿಸಬೇಡಿ.

ನಿವೃತ್ತ ನರ್ಸಮ್ಮ

ನಾನೂ ಇದೇ ಬುಧವಾರದ ಕೂಟದವಳು. ಪ್ರಶ್ನೆ ಕೇಳಿದವಳು ಒಂದು ವಿಷಯ ಹೇಳಲೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಾಜರಿ ಪುಸ್ತಕ ಇದೆ. ಉದ್ದನೆಯ ರೂಲ್ ನೋಟ್‌ಬುಕ್ಕು. ಬಂದವರು ಹೆಸರಿನ ಮುಂದೆ ಸಹಿ ಮಾಡಬೇಕು. ಒಬ್ಬ ರಾಯರು ಕನ್ನಡದಲ್ಲೇ ಸಹಿ ಹಾಕುತ್ತಿದ್ದರು. ದೊಡ್ಡ ಅಕ್ಷರ, ಕೊನೆಗೆ ಒಂದು ಗೆರೆ ಎಳೆದು ಎರಡು ಚುಕ್ಕಿ. ಒಂದು ದಿನ ಹಳೇ ಪುಟ ತಿರುಗಿಸಿ ಯಾರದೋ ಫೋನ್ ನಂಬರ್ ಹುಡುಕುತ್ತಿದ್ದೆ. ರಾಯರ ಸಹಿ ಜೂನ್‌ನಲ್ಲಿ ಸಾಲು ತುಂಬ ಇತ್ತು. ಸೆಪ್ಟೆಂಬರ್‌ನಲ್ಲಿ ಅರ್ಧ ಸಾಲಿಗೆ ಇಳಿದಿತ್ತು. ನವೆಂಬರ್‌ನಲ್ಲಿ ಇರುವೆ ಸಾಲಿನ ಹಾಗೆ, ಕೊನೆಕೊನೆಯ ಅಕ್ಷರ ಇನ್ನೂ ಸಣ್ಣ. ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ. ಕೈ ನಡುಕ ಏನೂ ಕಾಣುತ್ತಿರಲಿಲ್ಲ. ಅವತ್ತು ಅವರು ಚಹಾ ಲೋಟ ಎತ್ತಿದ್ದನ್ನು ಬೇಕಂತಲೇ ನೋಡಿದೆ. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ.

ಮಗನಿಗೆ ಫೋನ್ ಮಾಡಿ, ಎರಡು ಪುಟದ ಫೋಟೋ ಕಳಿಸಿ, ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಕರೆದುಕೊಂಡು ಹೋಗಪ್ಪ ಅಂದೆ. ಪಾರ್ಕಿನ್ಸನ್ ಕಾಯಿಲೆಯ ಶುರು. ಮಾತ್ರೆ, ಫಿಸಿಯೋ ಎರಡೂ ಬೇಗ ಸಿಕ್ಕಿತು. ಇವತ್ತಿಗೂ ರಾಯರು ತಮ್ಮ ಮನೆಯಲ್ಲೇ ಇದ್ದಾರೆ, ತಾವೇ ಬಟ್ಟೆ ಹಾಕಿಕೊಳ್ಳುತ್ತಾರೆ, ಬುಧವಾರ ತಪ್ಪಿಸುವುದಿಲ್ಲ.

ಮನೆಯಲ್ಲಿ ದಿನಾ ನೋಡುವವರಿಗೆ ಇದು ಕಾಣಲಿಲ್ಲ. ವರ್ಷಕ್ಕೊಮ್ಮೆ ಹತ್ತು ನಿಮಿಷ ನೋಡುವ ಡಾಕ್ಟರಿಗೂ ಕಾಣುತ್ತಿರಲಿಲ್ಲ. ವಾರಕ್ಕೊಮ್ಮೆ ನೋಡಿದವರಿಗೆ ಕಂಡಿತು. ರಾಯರ ಒಪ್ಪಿಗೆ ಕೇಳಿದ್ದೇನೆ, ಹೆಸರಿಲ್ಲದೆ ಬರಿ ಅಂದಿದ್ದಾರೆ. ಅರ್ಜಿಯಲ್ಲಿ ಇದನ್ನು ಹಾಕು ಮಗಳೇ.

ಬುಧವಾರದ ಚಹಾ

ನರ್ಸಮ್ಮ, ಹಾಕುತ್ತೇನೆ. ಇದನ್ನು ನಾವು ‘ಕೆಲಸ’ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇನ್ನೊಂದು ಕಷ್ಟ ಇದೆ. ಅನುದಾನ ಬಂದರೆ ಒಂಟಿತನ ಅಳೆಯಬೇಕಂತೆ. ಮೂರು ಪ್ರಶ್ನೆ ಕೊಟ್ಟಿದ್ದಾರೆ. ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದಾ, ನಿಮ್ಮನ್ನು ಹೊರಗಿಟ್ಟಿದ್ದಾರೆ ಅನ್ನಿಸುತ್ತದಾ, ಎಲ್ಲರಿಂದ ದೂರ ಆಗಿದ್ದೀರಿ ಅನ್ನಿಸುತ್ತದಾ. ಅಪರೂಪಕ್ಕೆ, ಕೆಲವು ಸಲ, ಆಗಾಗ ಅಂತ ಉತ್ತರ. 3ರಿಂದ 9ರವರೆಗೆ ಅಂಕ. ಹೋದ ವಾರ ನಾಲ್ಕು ಜನರನ್ನು ಕೇಳಿ ನೋಡಿದೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು, ‘ಮಗ ಸೊಸೆ ಬಂಗಾರದಂಗೆ ನೋಡ್ಕೋತಾರೆ ಕಣಮ್ಮ, ಯಾರೇನು ಹೇಳಿದ್ರು ನಿಂಗೆ?’ ಅಂದರು. ಕಣ್ಣಲ್ಲಿ ಭಯ. ನಾನು ಸೊಸೆಯ ಮೇಲೆ ದೂರು ಬರೆಸಿಕೊಳ್ಳುತ್ತಿದ್ದೇನೆ ಅಂದುಕೊಂಡರು. ನಾಲ್ಕೂ ಜನಕ್ಕೆ 3 ಅಂಕ. ಕಾಗದದ ಪ್ರಕಾರ ನಮ್ಮಲ್ಲಿ ಒಂಟಿ ಯಾರೂ ಇಲ್ಲ.

ಹಳೇ ಸೋಷಿಯಲ್ ವರ್ಕರ್

ಆ ಅಜ್ಜಿಯ ಉತ್ತರ ನಾನು ನೂರು ಮನೆಯಲ್ಲಿ ಕೇಳಿದ್ದೇನೆ. ಒಂಟಿ ಅಂದರೆ ನಮ್ಮಲ್ಲಿ ‘ಯಾರೂ ದಿಕ್ಕಿಲ್ಲ’ ಅಂತ. ಅದನ್ನು ಒಪ್ಪಿಕೊಂಡರೆ ಮಗನ ಮರ್ಯಾದೆ ಹೋಗುತ್ತದೆ.

ಮೂರು ಪ್ರಶ್ನೆಯನ್ನು ಬದಲಾಯಿಸಬೇಡಿ, ಬದಲಾಯಿಸಿದರೆ ಬೇರೆ ಊರಿನ ಅಂಕಕ್ಕೆ ಹೋಲಿಸಲು ಆಗುವುದಿಲ್ಲ. ಅದರ ಜೊತೆಗೆ ನಿಮ್ಮದೇ ಎರಡು ಪ್ರಶ್ನೆ ಇಟ್ಟುಕೊಳ್ಳಿ. ‘ಈ ವಾರ ಮನೆಯವರು ಬಿಟ್ಟು ಬೇರೆ ಯಾರ ಹತ್ತಿರ ಮಾತಾಡಿದಿರಿ?’ ‘ಮನೆ ಬಿಟ್ಟು ಎಷ್ಟು ದಿನ ಹೊರಗೆ ಹೋದಿರಿ?’ ಇದಕ್ಕೆ ಯಾರೂ ಹೆದರುವುದಿಲ್ಲ. ಎಣಿಸಿ ಹೇಳುತ್ತಾರೆ. ಯಾಕೆ ಹೀಗೆ ಕೇಳುತ್ತೀರಿ ಅಂತ ಕೌನ್ಸಿಲ್‌ಗೆ ಮುಂಚೆಯೇ ಬರೆದು ತಿಳಿಸಿ. ಅಜ್ಜಿ ಹೇಳಿದ ಮಾತನ್ನೂ ಸೇರಿಸಿ.

ತುಮಕೂರು ಸೊಸೆ

ಇದನ್ನೆಲ್ಲ ಓದಿ ಹೊಟ್ಟೆ ಉರಿಯಿತು. ನಮ್ಮ ಅತ್ತೆ ಹೋದ ಫೆಬ್ರವರಿಯಲ್ಲಿ ಬಾತ್‌ಟಬ್‌ನಿಂದ ಇಳಿಯುವಾಗ ಬಿದ್ದರು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಿತ್ತು. ನಾನು ಆಫೀಸಿನಿಂದ ಬರುವವರೆಗೆ ಐದು ಗಂಟೆ ನೆಲದ ಮೇಲೇ ಇದ್ದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಈಗ ವಾಕರ್ ಹಿಡಿದು ನಡೆಯುತ್ತಾರೆ. ಟಬ್ ಪಕ್ಕ ಒಂದು ಹಿಡಿಕೆ ಹಾಕಿಸೋಣ ಅಂತ ಅದರ ಹಿಂದಿನ ದೀಪಾವಳಿಯಿಂದ ಹೇಳುತ್ತಲೇ ಇದ್ದೆವು. ಖರ್ಚು, ಬಾಡಿಗೆ ಮನೆ, ಯಾರನ್ನು ಕೇಳಬೇಕು ಅಂತ ತಳ್ಳುತ್ತಾ ಬಂದೆವು.

ಎರಡು ಪ್ರಶ್ನೆ. ಅತ್ತೆಗೆ ಇಲ್ಲೇ ಇರುವ ಅನುಮತಿ ಇದೆ. ಈಗ ಅಂಥ ಹಿಡಿಕೆ ಕೌನ್ಸಿಲ್ ಹಾಕಿಕೊಡುತ್ತದಾ? ನನ್ನ ಅಮ್ಮ ಬೇಸಿಗೆಯಲ್ಲಿ ವಿಸಿಟರ್ ವೀಸಾದಲ್ಲಿ ಬರುತ್ತಾರೆ. ಅವರನ್ನು ಇಂಥ ಕೂಟಕ್ಕೆ ಕರೆದುಕೊಂಡು ಹೋದರೆ ವೀಸಾಗೆ ತೊಂದರೆ ಆಗುತ್ತದಾ?

ಹಳೇ ಸೋಷಿಯಲ್ ವರ್ಕರ್

ಅಮ್ಮಾ, ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ. ಇದನ್ನು ಯಾರೂ ನಿಮಗೆ ಹೇಳಿರಲಿಲ್ಲ.

ಕೌನ್ಸಿಲ್‌ನ ಅಡಲ್ಟ್ ಸೋಷಿಯಲ್ ಕೇರ್ ನಂಬರ್‌ಗೆ ಫೋನ್ ಮಾಡಿ ಆಕ್ಯುಪೇಷನಲ್ ಥೆರಪಿಸ್ಟ್ (ಮನೆಯಲ್ಲಿ ಓಡಾಡಲು, ಸ್ನಾನ ಮಾಡಲು ಏನು ಅನುಕೂಲ ಬೇಕು ಅಂತ ನೋಡುವವರು) ಬಂದು ನೋಡಲಿ ಅಂತ ಕೇಳಿ. ಅಗತ್ಯ ಇದೆ ಅಂತ ಅವರು ಒಪ್ಪಿದರೆ, ಇಂಗ್ಲೆಂಡಿನಲ್ಲಿ 1,000 ಪೌಂಡ್‌ವರೆಗಿನ ಸಣ್ಣ ಬದಲಾವಣೆಗಳಿಗೆ, ಅಂದರೆ ಹಿಡಿಕೆ, ಮೆಟ್ಟಿಲ ಕಂಬಿ ಥರದ್ದಕ್ಕೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ನಿಮ್ಮ ಉಳಿತಾಯ ಎಷ್ಟಿದೆ ಅಂತಲೂ ನೋಡುವುದಿಲ್ಲ. ಮನೆ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ, ಅಷ್ಟೇ. ನಿಮಗೂ ಕೇರರ್ ಅಸೆಸ್‌ಮೆಂಟ್, ಅಂದರೆ ಆರೈಕೆ ಮಾಡುವವರಿಗೆ ಏನು ನೆರವು ಬೇಕು ಅನ್ನುವ ಪರಿಶೀಲನೆ, ಕೇಳಿ, ಅದು ನಿಮ್ಮ ಹಕ್ಕು. ಮುಂದೆ ದಿನಾ ಆರೈಕೆಗೆ ಜನ ಬೇಕಾದಾಗ ಮಾತ್ರ ಉಳಿತಾಯದ ಲೆಕ್ಕ ಬರುತ್ತದೆ. 23,250 ಪೌಂಡ್ ದಾಟಿದರೆ ಸಾಮಾನ್ಯವಾಗಿ ಪೂರ್ತಿ ಖರ್ಚು ನಮ್ಮದೇ. 2010ರಿಂದ ಈ ಮಿತಿ ಮೇಲೇರಿಲ್ಲ.

ಅಮ್ಮನನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ವೀಸಾದಲ್ಲಿ ‘ಪಬ್ಲಿಕ್ ಫಂಡ್ಸ್’ ಅನ್ನುವುದು ಪಟ್ಟಿ ಮಾಡಿದ ಭತ್ಯೆಗಳು ಮತ್ತು ಮನೆ ನೆರವು. ಚರ್ಚ್ ಹಾಲ್‌ನ ಚಹಾ ಅದರಲ್ಲಿ ಬರುವುದಿಲ್ಲ. ಆದರೆ ಅಟೆಂಡೆನ್ಸ್ ಅಲೋಯನ್ಸ್ (ಆರೈಕೆ ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ) ಆ ಪಟ್ಟಿಯಲ್ಲಿದೆ, ಅಮ್ಮನ ಹೆಸರಲ್ಲಿ ಅದಕ್ಕೆ ಅರ್ಜಿ ಹಾಕಬೇಡಿ. ಅತ್ತೆಗೆ ಅರ್ಹತೆ ಇರಬಹುದು, ವಿಚಾರಿಸಿ.

ಪ್ಯಾನೆಲ್‌ನಲ್ಲಿ ಕೂತವಳು

ಬುಧವಾರದವರೇ, ನೋಡಿದಿರಾ? ಐದು ನಿಮಿಷದಲ್ಲಿ ಒಂದು ಮನೆಗೆ ಹಿಡಿಕೆಯ ದಾರಿ ಸಿಕ್ಕಿತು. ನಿಮ್ಮ ಊಟದ ಮೇಜಿನಲ್ಲೂ ಹೀಗೇ ಆಗುತ್ತಿರಬೇಕು ಅಲ್ವಾ? ಅದನ್ನೂ ಬರೆದಿಡಿ. ‘ಈ ವರ್ಷ ಎಷ್ಟು ಜನಕ್ಕೆ ಎಲ್ಲಿಗೆ ದಾರಿ ತೋರಿಸಿದೆವು’ ಅಂತ ಒಂದು ಪಟ್ಟಿ ಸಾಕು. ಜಿಪಿ ಕ್ಲಿನಿಕ್‌ನ ಸೋಷಿಯಲ್ ಪ್ರಿಸ್ಕ್ರೈಬಿಂಗ್ ಲಿಂಕ್ ವರ್ಕರ್‌ಗೂ (ರೋಗಿಗಳನ್ನು ಇಂಥ ಕೂಟಗಳಿಗೆ ಕಳಿಸುವವರು) ನಿಮ್ಮ ಕೂಟದ ಬಗ್ಗೆ ತಿಳಿಸಿ. ಅವರು ಇಬ್ಬರನ್ನು ಕಳಿಸಿದರೂ ಅರ್ಜಿಗೆ ತೂಕ ಬರುತ್ತದೆ.

ಇನ್ನೂ ಒಂದು. ಕೌಂಟಿ, ಡಿಸ್ಟ್ರಿಕ್ಟ್ ಅಂತ ಎರಡು ಹಂತದ ಕೌನ್ಸಿಲ್ ಇರುವ ಊರಾದರೆ ಸೋಷಿಯಲ್ ಕೇರ್ ಕೌಂಟಿಯದು. ಡಿಸ್ಟ್ರಿಕ್ಟ್‌ಗೆ ಬರೆದು ಆರು ತಿಂಗಳು ಕಳೆದುಕೊಂಡವರನ್ನು ನೋಡಿದ್ದೇನೆ. ಇದರ ಜೊತೆಗೆ ನ್ಯಾಷನಲ್ ಲಾಟರಿಯ ಅವಾರ್ಡ್ಸ್ ಫಾರ್ ಆಲ್‌ಗೂ ಹಾಕಿ. 300ರಿಂದ 20,000 ಪೌಂಡ್‌ವರೆಗೆ ಕೇಳಬಹುದು.

ಮಲೆನಾಡಿನವ

ರಾಯರ ಸಹಿಯ ಕಥೆ ಎರಡು ಸಲ ಓದಿದೆ. ನಮ್ಮಪ್ಪನಿಗೂ ಅದೇ ಕಾಯಿಲೆ ಇತ್ತು, ಊರಲ್ಲಿ. ನಮಗೆ ಗೊತ್ತಾಗುವ ಹೊತ್ತಿಗೆ ತುಂಬಾ ತಡವಾಗಿತ್ತು.

ಅನುದಾನ ಕೇಳುವುದು ಹಕ್ಕು ಅಂತ ಒಪ್ಪುತ್ತೇನೆ. ಆದರೆ ಪೂರ್ತಿ ಅದನ್ನೇ ನಂಬಿ ಕೂರಬಾರದು ಅಂತ ಈಗಲೂ ಹೇಳುತ್ತೇನೆ. ಮೂರು ವರ್ಷಕ್ಕೊಮ್ಮೆ ಹೀಗೆ ಎದೆ ಹಿಡಿದುಕೊಂಡು ಕೂರುವುದು ಯಾರಿಗೆ ಬೇಕು? ಮೂರು ತಿಂಗಳ ಹಾಲ್ ಬಾಡಿಗೆಯಷ್ಟು ದುಡ್ಡು ಪಕ್ಕಕ್ಕೆ ಇಟ್ಟುಕೊಳ್ಳಿ. ಖಾತೆ ನಂಬರ್ ಖಾಸಗಿಯಾಗಿ ಕಳಿಸಿ, ನನ್ನ ಪಾಲು ಹಾಕುತ್ತೇನೆ.

ಬುಧವಾರದ ಚಹಾ

ಎಲ್ಲರಿಗೂ ಕೈ ಮುಗಿಯುತ್ತೇನೆ. ಶುಕ್ರವಾರ ಅರ್ಜಿ ಹಾಕಿದೆ. ಮುಂದೆ ಯಾರಿಗಾದರೂ ಬೇಕಾದೀತು ಅಂತ ಮುಖ್ಯ ಭಾಗ ಕನ್ನಡದಲ್ಲಿ ಇಲ್ಲಿ ಹಾಕುತ್ತಿದ್ದೇನೆ:

‘ನಮ್ಮಲ್ಲಿಗೆ ಬರುವ 24 ಹಿರಿಯರಲ್ಲಿ 11 ಜನಕ್ಕೆ ಇಂಗ್ಲಿಷಿನಲ್ಲಿ ತಮ್ಮ ನೋವು ಹೇಳಿಕೊಳ್ಳಲು ಬರುವುದಿಲ್ಲ. ವಾರದಲ್ಲಿ ಅವರು ಮನೆಯವರಲ್ಲದವರ ಜೊತೆ ಮಾತಾಡುವುದು ಬುಧವಾರ ಮಾತ್ರ. ನಾವು ಅವರ ಚಪ್ಪಲಿ ನೋಡುತ್ತೇವೆ, ಸವೆದಿದ್ದರೆ ಮನೆಯವರಿಗೆ ಹೇಳುತ್ತೇವೆ. ತಟ್ಟೆಯಲ್ಲಿ ಎಷ್ಟು ಬಿಟ್ಟರು ಅಂತ ನೋಡುತ್ತೇವೆ. ಯಾರಾದರೂ ಎರಡು ವಾರ ಬರದಿದ್ದರೆ ಮನೆಗೆ ಹೋಗುತ್ತೇವೆ. ಹಾಜರಿ ಪುಸ್ತಕದ ಸಹಿ ನೋಡಿ ಒಬ್ಬರ ಕಾಯಿಲೆ ಬೇಗ ಗೊತ್ತಾಯಿತು. ಕಳೆದ 12 ತಿಂಗಳಲ್ಲಿ 14 ಸಲ ಜಿಪಿ, ಕೌನ್ಸಿಲ್ ಅಥವಾ ಫಿಸಿಯೋ ಹತ್ತಿರ ಕಳಿಸಿದ್ದೇವೆ. ವಾರಕ್ಕೆ 31 ಗಂಟೆ ಸ್ವಯಂಸೇವಕರ ಕೆಲಸ ಇದೆ. ಅದಕ್ಕೆ ನಾವು ದುಡ್ಡು ಕೇಳುತ್ತಿಲ್ಲ. ಹಾಲ್, ಮಿನಿಬಸ್, ವ್ಯಾಯಾಮದ ತರಬೇತುದಾರರು, ಇನ್ಶೂರೆನ್ಸ್, ಇವಕ್ಕೆ ಕೇಳುತ್ತಿದ್ದೇವೆ.’

14 ಅನ್ನುವ ಲೆಕ್ಕ ನರ್ಸಮ್ಮನ ಡೈರಿಯಿಂದ ಸಿಕ್ಕಿತು. ನಾನು ಐದೋ ಆರೋ ಅಂದುಕೊಂಡಿದ್ದೆ. ಇಬ್ಬರೂ ಕೂತು ಎಣಿಸಿದಾಗ ನಮಗೇ ಆಶ್ಚರ್ಯವಾಯಿತು.

ಉತ್ತರ ಫೆಬ್ರವರಿ ಕೊನೆಗಂತೆ. ಲಾಟರಿ ಅರ್ಜಿ ಈ ವಾರ ಶುರು ಮಾಡುತ್ತೇನೆ. ಮಲೆನಾಡಿನವರೇ, ಮೆಸೇಜ್ ನೋಡಿ.

ನಮ್ಮ ಊರಿನವರು ಇದನ್ನು ಓದುತ್ತಿದ್ದರೆ: ಈ ಬುಧವಾರ ಮಿನಿಬಸ್ ಡ್ರೈವರ್ ರಜೆ. 10:30ಕ್ಕೆ ಆರು ಜನರನ್ನು ಕರೆತರಬೇಕು, ಒಬ್ಬರದು ವಾಕರ್ ಇದೆ, ಡಿಕ್ಕಿ ದೊಡ್ಡದಿರುವ ಕಾರು ಬೇಕು. ಇಬ್ಬರಿಗೆ ವ್ಯವಸ್ಥೆ ಆಗಿದೆ. ಇನ್ನು ನಾಲ್ಕು ಜನ ಉಳಿದಿದ್ದಾರೆ.